ಉಲ್ಯಾನಾ ಬರೆಯದ ಪ್ರಬಂಧ

ಲಿಪಾವ್ಕಾ
ಜುಲೈ 14, 2024

ಪ್ರೀತಿಯ ಯಾದ್ಯಾ,

ನಾನು ಚೆನ್ನಾಗಿದ್ದೇನೆ. ಅಪ್ಪ ಕೋಲು ಹಿಡಿದು ಅಂಗಳದವರೆಗೂ ನಡೆಯುತ್ತಾರೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ, ಚಾನೆಲ್ಲಿನಲ್ಲಿ ನಿನ್ನ ದನಿಯನ್ನು ಕದ್ದು ಕೇಳಿಸಿಕೊಳ್ಳುತ್ತಲೇ ಇರುತ್ತೇನೆ.

ಯಾನೀನಾ ಅತ್ತೆ ನಾಳೆ ಬೆಳಿಗ್ಗೆಯ ಬಸ್ಸಿಗೆ ಗಡಿಯಾಚೆ ನಿಮ್ಮ ಬಿಯಾಲಿಸ್ತೋಕಿಗೆ ಹೊರಟಿದ್ದಾಳೆ, ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಲು. ಗಡಿಯಲ್ಲಿ ಎಷ್ಟು ಹೊತ್ತು ಕಾಯಿಸುತ್ತಾರೋ ಎಂದು ಈಗಲೇ ಮೊಟ್ಟೆ ಬೇಯಿಸಿ ಕಟ್ಟಿಕೊಂಡಿದ್ದಾಳೆ. ಫೋನಿನಲ್ಲಿ ಹೇಳುವ ಹಾಗಿಲ್ಲದ್ದನ್ನೆಲ್ಲ ಇಲ್ಲಿ ಬರೆದು ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಹರಿದುಹಾಕು.

ಮೊದಲು ಒಂದು ಕೆಲಸ ಮಾಡು, ಆಮೇಲೆ ಮುಂದೆ ಓದು. ಮೇ ತಿಂಗಳಲ್ಲಿ ನಮ್ಮ "ಹಿಂದಿನ ಬೆಂಚು" ಚಾನೆಲ್ಲಿನಲ್ಲಿ ನೀನೊಂದು ವಿಡಿಯೊ ಹಾಕಿದೆ. ಬಿಳಿ ಕಾಲರಿನ ಹುಡುಗಿ, ದಪ್ಪ ಜಡೆ, ಪ್ರಾಂತದ ಟಿ.ವಿ.ಯಲ್ಲಿ ಪ್ರಬಂಧ ಓದುತ್ತಾಳೆ. ಕೆಳಗೆ ನೀನು ಬರೆದಿದ್ದೀಯ: "ಹೊಸ ಗಿಳಿ ಬಂದಿದೆ. ಬರೆದುಕೊಟ್ಟ ಮಹಾನುಭಾವ ಯಾರೋ, ಪಾಪ, ಹುಡುಗಿಗೆ ಉಸಿರಾಡುವುದಕ್ಕೂ ಜಾಗ ಬಿಟ್ಟಿಲ್ಲ." ಅದನ್ನು ತೆಗೆದುಹಾಕು. ಈಗಲೇ.

ಆ ಹುಡುಗಿ ನನ್ನ ವಿದ್ಯಾರ್ಥಿನಿ. ಆ ಮಹಾನುಭಾವ ನಾನು.

ಈಗ ಕೂತುಕೋ, ಹೇಳುತ್ತೇನೆ.

ನೀನು ಗಡಿ ದಾಟಿದ ವಾರವೇ ಅಪ್ಪನಿಗೆ ಎರಡನೇ ಸಲ ಪಾರ್ಶ್ವವಾಯು ಹೊಡೆಯಿತು, ನಾನು ಉಳಿದುಕೊಂಡೆ. ಅಷ್ಟು ನಿನಗೆ ಗೊತ್ತು. ಡೀನ್ ನನ್ನನ್ನು ಕರೆಸಿ, ಆಗಿನ್ನೂ ವಿದ್ಯಾರ್ಥಿಗಳ ಪತ್ರಿಕೆಯಾಗಿದ್ದ "ಹಿಂದಿನ ಬೆಂಚಿ"ನಲ್ಲಿ ಸುಳ್ಳು ಹೆಸರಿನಲ್ಲಿ ಬರೆಯುತ್ತಿದ್ದವರು ಯಾರು ಎಂದು ಬಹಳ ಹೊತ್ತು ಕೇಳಿದರು. ಗೊತ್ತಿಲ್ಲ ಎಂದೆ. ಅವರಿಗೆ ಗೊತ್ತಿತ್ತು, ಕೈಗೆ ಪುರಾವೆ ಸಿಗಲಿಲ್ಲ. ಪದವಿ ಕೊಟ್ಟರು, ಜೊತೆಗೆ ಲಿಪಾವ್ಕಾವನ್ನೂ ಕೊಟ್ಟರು. ಸರ್ಕಾರಿ ಖರ್ಚಿನಲ್ಲಿ ಓದಿದವರು ಎರಡು ವರ್ಷ ಹೇಳಿದ ಕಡೆ ದುಡಿಯಬೇಕಲ್ಲ. ನನ್ನ ಕೊನೆಯ ಲೇಖನ ಬರೆದದ್ದೇ ಆ ಕಡ್ಡಾಯ ನೇಮಕದ ವಿರುದ್ಧ. ಓದು ಮುಗಿಸಿದವರನ್ನು ಗಡೀಪಾರಿನಂತೆ ಹಳ್ಳಿಗಟ್ಟುವ ನೀತಿ ಎಂದೆಲ್ಲ ಬರೆದಿದ್ದೆ. ನಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ನೀನು ಅದನ್ನು ಗಟ್ಟಿಯಾಗಿ ಓದಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು.

ಅದಿರಲಿ. ಇಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಗುರುವಾರ "ಮಾಹಿತಿ ಗಂಟೆ". ದೇಶದಲ್ಲಿ ಏನಾಗುತ್ತಿದೆ, ಮಕ್ಕಳು ಅದನ್ನು ಹೇಗೆ ತಿಳಿದುಕೊಳ್ಳಬೇಕು ಎಂದು ಜಿಲ್ಲೆಯಿಂದ ಹಾಳೆ ಬರುತ್ತದೆ, ನಾನು ಓದುತ್ತೇನೆ. ಮೊದಮೊದಲು ಓದುವಾಗ ನಾಲಿಗೆ ಒಣಗುತ್ತಿತ್ತು. ಈಗ ಒಣಗುವುದಿಲ್ಲ.

ಉಲ್ಯಾನಾ ಸಾಕೋವಿಚ್ ಹನ್ನೊಂದನೇ ತರಗತಿ, ಕೊನೆಯ ವರ್ಷ. ಅವಳ ಅಮ್ಮ ಜಿನೈದಾ ನಮ್ಮ ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಅಪ್ಪ ಯಾವತ್ತೋ ಬಿಟ್ಟುಹೋದವನು. ಹುಡುಗಿ ತರಗತಿಯಲ್ಲಿ ಕೈ ಎತ್ತುವುದಿಲ್ಲ. ಪಾಠ ಮುಗಿದು ಎಲ್ಲರೂ ಹೊರಟ ಮೇಲೆ ಬ್ಯಾಗಿನ ಜಿಪ್ ಎಳೆಯುತ್ತಾ, ನನ್ನ ಮುಖ ನೋಡದೆ ಒಂದು ಪ್ರಶ್ನೆ ಕೇಳುತ್ತಾಳೆ. ಅದಕ್ಕೆ ಉತ್ತರ ಹುಡುಕುತ್ತಾ ನಾನು ಮನೆಗೆ ಹೋಗುತ್ತೇನೆ. ಎರಡು ವರ್ಷ ಹೀಗೇ ನಡೆಯಿತು. ಇಲ್ಲಿ ನನಗಿದ್ದ ಸಂತೋಷ ಅದೊಂದೇ.

ಫೆಬ್ರವರಿಯಲ್ಲಿ ಸ್ಪರ್ಧೆಯ ಸುತ್ತೋಲೆ ಬಂತು. "ನಮ್ಮ ದಿನಗಳು: ವಿದ್ಯಾರ್ಥಿಯ ನೋಟ." ರಾಜಕೀಯ, ಸಂಸ್ಕೃತಿ, ಸರ್ಕಾರದ ಯೋಜನೆಗಳು, ಯಾವುದರ ಬಗ್ಗೆಯಾದರೂ ವಿದ್ಯಾರ್ಥಿಗಳು ತಮ್ಮ ಸ್ವಂತ ಅಭಿಪ್ರಾಯ ಬರೆಯಬೇಕು. ಪ್ರತಿ ಶಾಲೆಯಿಂದ ಒಂದು ಪ್ರಬಂಧ ಕಡ್ಡಾಯ. ಸ್ವಂತ ಅಭಿಪ್ರಾಯ ಎಂದರೆ ಏನೆಂದು ಮಕ್ಕಳಿಗೆ ಗೊತ್ತು, ಯಾರೂ ಮುಂದೆ ಬರಲಿಲ್ಲ. ಉಲ್ಯಾನಾ ಬರೆಯುತ್ತೇನೆ ಎಂದಳು. ನನಗೆ ಆಶ್ಚರ್ಯವಾಯಿತು, ಆದರೂ ಹೆಸರು ಜಿಲ್ಲೆಗೆ ಹೋಯಿತು. ಬರೆದ ಮೇಲೆ ಅವಳು ಅದನ್ನು ನನಗೆ ತೋರಿಸಲಿಲ್ಲ. ನೇರ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಟ್ಟು ಹೋದಳು. ನನಗೆ ತೋರಿಸಿದರೆ ನಾನು ತಡೆಯುತ್ತೇನೆ ಎಂದು ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ.

ರಾಯಿಸಾ ಪೆತ್ರೊವ್ನಾ ನನ್ನನ್ನು ಕರೆಸಿದಳು. ನಮ್ಮ ಮುಖ್ಯೋಪಾಧ್ಯಾಯಿನಿ. ನೀನು ಕಲ್ಪಿಸಿಕೊಳ್ಳುವಂಥ ರಾಕ್ಷಸಿಯಲ್ಲ. ಚಳಿಗಾಲದಲ್ಲಿ ನನ್ನ ಕೋಣೆಯ ಹೀಟರ್ ಕೆಟ್ಟಾಗ ತನ್ನ ಮನೆಯದನ್ನು ಹೊತ್ತುಕೊಂಡು ಬಂದು ಕೊಟ್ಟವಳು.

"ಬಾಗಿಲು ಹಾಕು. ಓದಿದ್ಯಾ ಇದನ್ನ?"

"ಇಲ್ಲ."

"ಓದು."

ಓದಿದೆ. ಯಾದ್ಯಾ, ನೆನಪಿನಿಂದ ಸ್ವಲ್ಪ ಬರೆಯುತ್ತೇನೆ.

"ನಮ್ಮ ಊರಿಗೆ ಟೀಚರುಗಳು ಬಲವಂತಕ್ಕೆ ಬರುತ್ತಾರೆ, ಗಡುವು ಮುಗಿದ ದಿನ ಹೋಗುತ್ತಾರೆ. ನನಗೆ ಇದುವರೆಗೆ ನಾಲ್ವರು ಇತಿಹಾಸ ಕಲಿಸಿದ್ದಾರೆ. ನಾಲ್ವರೂ ಒಳ್ಳೆಯವರು. ನಾಲ್ವರೂ ಕಿಟಕಿಯ ಕಡೆ ನೋಡುತ್ತಾ ಪಾಠ ಮಾಡಿದರು. ಅವರಿಗೆ ಅನ್ಯಾಯವಾಗಿದೆ, ಇದು ಗಡೀಪಾರು ಎಂದು ಪಟ್ಟಣದ ವಿದ್ಯಾರ್ಥಿಗಳು ಬರೆಯುತ್ತಾರೆ. ಇರಬಹುದು. ಆದರೆ ಅವರು ಶಿಕ್ಷೆ ಅನುಭವಿಸಲು ಬರುವುದು ನಮ್ಮ ಹತ್ತಿರ. ಹಾಗಾದರೆ ನಾವು ಏನು? ನಾವು ಜೈಲೇ?"

ಆಮೇಲೆ ಬಸ್ಸಿನ ವಿಷಯ. ಜಿಲ್ಲಾ ಕೇಂದ್ರದಿಂದ ಬರುತ್ತಿದ್ದ ಸಂಜೆಯ ಬಸ್ಸನ್ನು ಹೋದ ವರ್ಷ ನಿಲ್ಲಿಸಿದರು. ಅಲ್ಲಿ ಕೆಲಸಕ್ಕೋ ಕಾಲೇಜಿಗೋ ಹೋಗುವವರು ಮನೆಗೆ ಮರಳಲಾಗದೆ ಅಲ್ಲೇ ಬಾಡಿಗೆ ಕೋಣೆ ಹಿಡಿಯುತ್ತಾರೆ. ಹಿಡಿದವರು ಆಮೇಲೆ ಬರುವುದಿಲ್ಲ. "ಇರಲು ಮನಸ್ಸಿರುವವರನ್ನು ಹೊರಗಟ್ಟಿ, ಹೋಗಲು ಮನಸ್ಸಿರುವವರನ್ನು ತಂದು ಕಟ್ಟಿಹಾಕುವುದು ಯಾವ ಲೆಕ್ಕಾಚಾರ? ಇದನ್ನು ಯೋಚಿಸಿದವರು ಒಮ್ಮೆ ನಮ್ಮ ನಿಲ್ದಾಣದಲ್ಲಿ ಸಂಜೆ ಬಂದು ನಿಲ್ಲಲಿ."

ನಾವು ಮಿನ್ಸ್ಕಿನ ಗ್ರಂಥಾಲಯದಲ್ಲಿ ಕೂತು ಅಷ್ಟೆಲ್ಲ ಓದಿ ಬರೆದದ್ದರಲ್ಲಿ ಇದರ ಒಂದು ಸಾಲೂ ಇರಲಿಲ್ಲ. ನಮ್ಮನ್ನು ಎಲ್ಲಿಗೆ ಕಳಿಸುತ್ತಾರೆ ಎಂದು ಕೂಗಾಡಿದೆವು. ಅಲ್ಲಿರುವವರಿಗೂ ಒಂದು ಮಾತಿರಬಹುದು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ನಾನು ತಲೆ ಎತ್ತಿದಾಗ ರಾಯಿಸಾ ಪೆತ್ರೊವ್ನಾ ಕನ್ನಡಕ ಒರೆಸುತ್ತಿದ್ದಳು.

"ಚೆನ್ನಾಗಿ ಬರ್ದಿದಾಳೆ ಅಲ್ವಾ? ಅದೇ ತೊಂದ್ರೆ ಆಗಿರೋದು. ಕೆಟ್ಟದಾಗಿ ಬರ್ದಿದ್ರೆ ಮಕ್ಳಾಟ ಅಂತ ಬಿಟ್ಬಿಡ್ಬಹುದಿತ್ತು."

"ಹೆಸರು ವಾಪಸ್ ತಗೊಳ್ಳೋಣ. ಜ್ವರ ಬಂದಿದೆ ಅಂತ ಹೇಳೋಣ."

"ಬರ್ದವಳಿಗೆ ಜ್ವರ ಬಂದ್ರೆ ಬರ್ದಿರೋದಕ್ಕೂ ಜ್ವರ ಬರತ್ತಾ? ಎಷ್ಟು ಬರ್ದಿದಾಳೋ ಅಷ್ಟನ್ನೇ ಕಳ್ಸಿ ಅಂತಾರೆ. ಆಗ ನಾನು ಇದನ್ನ ತೋರಿಸ್ಬೇಕು. ತೋರಿಸಿದ್ರೆ ಮೊದ್ಲು ಹುಡುಗಿ, ಆಮೇಲೆ ಅವಳಮ್ಮ, ಆಮೇಲೆ ನೀನು, ಕೊನೇಲಿ ನಾನು. ಸಾಲಾಗಿ ನಿಲ್ಲಿಸ್ತಾರೆ." ಹಾಳೆಗಳನ್ನು ನನ್ನ ಕಡೆ ತಳ್ಳಿದಳು. "ಸೋಮವಾರ ಇದೇ ಹೆಸರಲ್ಲಿ ಬೇರೆ ಪ್ರಬಂಧ ಇಲ್ಲಿರ್ಬೇಕು. ಯಾರು ಬರೀತಾರೆ ಅನ್ನೋದು ನಂಗೆ ಬೇಡ. ಇದನ್ನ ಕೆಳಗೆ ಬಾಯ್ಲರ್ ರೂಮಿಗೆ ತಗೊಂಡ್ಹೋಗು. ನೀನೇ ಹೋಗು, ಬೇರೆಯವರ ಕೈಗೆ ಕೊಡ್ಬೇಡ."

ಹೋದೆ. ನಾನೇ ಒಲೆಯ ಬಾಗಿಲು ತೆಗೆದೆ, ನಾನೇ ಹಾಕಿದೆ.

ಮಧ್ಯಾಹ್ನ ಉಲ್ಯಾನಾಳನ್ನು ಖಾಲಿ ತರಗತಿಗೆ ಕರೆದೆ. ಅವಳು ಬೆಂಚಿನ ತುದಿಯಲ್ಲಿ ಕೂತು ನನ್ನ ಮುಖವನ್ನೇ ನೋಡಿದಳು. ಹಾಗೆ ನೇರ ನೋಡಿದ್ದು ಅದೇ ಮೊದಲು.

"ಓದಿದ್ರಾ?"

"ಓದಿದೆ."

"ಹೇಗಿದೆ?"

ಏನು ಹೇಳಬೇಕಿತ್ತು ಹೇಳು. ನೀನು ನನಗಿಂತ ಚೆನ್ನಾಗಿ ಬರೆಯುತ್ತೀಯ ಎಂದರೆ ಅವಳು ಅದನ್ನು ಹಿಡಿದುಕೊಂಡು ಹೋಗಿ ಬೀದಿಯಲ್ಲಿ ನಿಲ್ಲುತ್ತಿದ್ದಳು. ಕಾರಿಡಾರಿನಲ್ಲಿ ಯಾರೋ ಓಡಾಡುತ್ತಿದ್ದರು. ನಾನು ಹೇಳಿದೆ, "ಎರಡು ಕಡೆ ಅಲ್ಪವಿರಾಮ ತಪ್ಪಿದೆ."

ನಾನು ರಾಯಿಸಾ ಪೆತ್ರೊವ್ನಾಳ ಮಾತುಗಳನ್ನು ಒಂದೊಂದಾಗಿ ಹೇಳಿದೆ. ಬೇರೆ ಬರೆದುಕೊಡು, ಕಾಡಿನ ಬಗ್ಗೆ, ಕ್ರೀಡಾಂಗಣದ ಬಗ್ಗೆ, ಯಾವುದರ ಬಗ್ಗೆಯಾದರೂ ಬರಿ ಎಂದೆ.

"ಬರೆಯಲ್ಲ. ಸ್ವಂತ ಅಭಿಪ್ರಾಯ ಕೇಳಿದ್ರು, ಕೊಟ್ಟೆ. ಬೇಡ ಅಂದ್ರೆ ವಾಪಸ್ ಕೊಡಿ."

"ಇಲ್ಲ ಅದು."

"ಎಲ್ಲಿ ಹೋಯ್ತು?"

ಅವಳ ಕಣ್ಣು ನನ್ನ ತೋಳಿನ ಮೇಲೆ ಬಿತ್ತು. ಅಂಗಿಯ ತುದಿಗೆ ಮಸಿ ಹತ್ತಿತ್ತು. ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಶನಿವಾರ ಕ್ಯಾಂಟೀನಿನಲ್ಲಿ ಬೀಟ್‌ರೂಟ್ ಸೂಪು ಬಡಿಸುತ್ತಾ ಜಿನೈದಾ ನನ್ನ ತಟ್ಟೆಯ ಮೇಲೆ ಸೌಟು ಹಿಡಿದು ನಿಂತಳು, ಸುರಿಯಲಿಲ್ಲ. ರಾಯಿಸಾ ಪೆತ್ರೊವ್ನಾ ಅವಳಿಗೂ ಹೇಳಿದ್ದಳು.

"ಟೀಚರ್, ಅವಳು ನನ್ ಮಾತು ಕೇಳಲ್ಲ. ಮನೇಲಿ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದಾಳೆ. ನೀವೇ ಬರ್ದುಕೊಡಿ."

"ಅವಳ ಹೆಸರಲ್ಲಿ ನಾನು ಹೇಗೆ ಬರೀಲಿ ಜಿನೈದಾ?"

"ನಾನು ಮಾಡಿದ ಸೂಪನ್ನ ಎಲ್ಲಾರೂ ಶಾಲೆ ಸೂಪು ಅಂತಾರೆ, ನಂಗೇನಾದ್ರೂ ಬೇಜಾರಾ?" ಅವಳು ನಗಲು ನೋಡಿದಳು, ಆಗಲಿಲ್ಲ. "ಅವಳಿಗೆ ಮುಂದೆ ಓದೋ ಆಸೆ ಇದೆ. ಈ ಕಿಟಕಿ ಹಿಂದೆ ಅವಳು ಬಂದು ನಿಲ್ಬಾರ್ದು. ಅಷ್ಟು ಮಾಡ್ಕೊಡಿ. ಕೈ ಮುಗೀತೀನಿ."

ಹಿಂದೆ ಸಾಲಿನಲ್ಲಿ ನಿಂತಿದ್ದವರು ತಟ್ಟೆ ಬಡಿಯತೊಡಗಿದರು. ಅವಳು ಸೂಪು ಸುರಿದಳು, ಅದರ ಮೇಲೆ ಎರಡು ಚಮಚ ಹುಳಿಕೆನೆ ಹಾಕಿದಳು. ನಾನು ಆಯಿತು ಎಂದೆ.

ಭಾನುವಾರ ಬೆಳಿಗ್ಗೆ ಬರೆಯಲು ಕೂತೆ. ಇದನ್ನು ನಿನಗಲ್ಲದೆ ಯಾರಿಗೂ ಹೇಳಲಾರೆ. ಕಷ್ಟವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಎರಡು ವರ್ಷ ಏನೂ ಬರೆಯದ ಕೈ. ಮೊದಲ ವಾಕ್ಯ ಬಂತು, ಎರಡನೆಯದು ತಾನಾಗಿ ಹಿಂದೆ ಬಂತು. ಹಳ್ಳಿಗೆ ಬರುವ ಯುವ ಶಿಕ್ಷಕರು ಬೆಳಕು ತರುತ್ತಾರೆ, ಹಳ್ಳಿ ಅವರಿಗೆ ಬೇರು ಕೊಡುತ್ತದೆ, ಹೀಗೆ. ಉಲ್ಯಾನಾ ಹೇಳಿದ್ದನ್ನೇ ತೆಗೆದುಕೊಂಡು ಅಂಗಿಯನ್ನು ಒಳಹೊರಗು ತಿರುಗಿಸಿದ ಹಾಗೆ ತಿರುಗಿಸಿದೆ. ಒಂದು ವಾಕ್ಯದ ಲಯ ಸರಿಯಾಗಿ ಕೂತಾಗ ನನಗೆ ಖುಷಿಯಾಯಿತು. ಎದ್ದು ಚಹಾ ಮಾಡಿಕೊಂಡು ಬಂದು, ಆ ವಾಕ್ಯವನ್ನು ಮತ್ತೊಮ್ಮೆ ಓದಿಕೊಂಡೆ.

ಜಿಲ್ಲೆಯಲ್ಲಿ ಮೊದಲ ಸ್ಥಾನ. ನಾವ್ಯಾರೂ ಅಂದುಕೊಂಡಿರಲಿಲ್ಲ. ಮೂಲೆಗೆ ಸೇರುವಂತಹ ಒಂದು ಸಾಧಾರಣ ಪ್ರಬಂಧ ಬೇಕಿತ್ತು ನಮಗೆ. ನನ್ನ ಅಹಂಕಾರಕ್ಕೆ ಸಾಧಾರಣವಾಗಿ ಬರೆಯಲು ಬರಲಿಲ್ಲ. ಆಮೇಲೆ ಪ್ರಾಂತದಲ್ಲೂ ಮೊದಲ ಸ್ಥಾನ. ರಾಯಿಸಾ ಪೆತ್ರೊವ್ನಾ ತಲೆಯ ಮೇಲೆ ಕೈ ಹೊತ್ತು ನನ್ನನ್ನು ನೋಡಿದಳು. "ಸ್ವಲ್ಪ ಕೆಟ್ಟದಾಗಿ ಬರೆಯೋಕೆ ನಿಂಗೇನಾಗಿತ್ತು?" ಎಂದಳು. ಏಪ್ರಿಲಿನಲ್ಲಿ ಟಿ.ವಿ.ಯಿಂದ ಕರೆ ಬಂತು. ಹುಡುಗಿಯೇ ಬಂದು ಓದಬೇಕು.

ಉಲ್ಯಾನಾ ಮೊದಲು ಆಗುವುದಿಲ್ಲ ಎಂದಳು. ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಬಂದು ನನ್ನ ಮುಂದೆ ಕೈ ಚಾಚಿದಳು.

"ಕೊಡಿ. ನಾನು ಏನು ಬರ್ದಿದೀನಿ ಅಂತ ನಾನೂ ಓದ್ಬೇಕಲ್ಲ."

ಪ್ರಾಂತ ಕೇಂದ್ರಕ್ಕೆ ಬಸ್ಸಿನಲ್ಲಿ ನಾವಿಬ್ಬರೇ ಹೋದೆವು. ಹೊಲಗಳಲ್ಲಿ ಕೊಕ್ಕರೆಗಳು ಇಳಿದಿದ್ದವು. ಅವಳು ಇದ್ದಕ್ಕಿದ್ದಂತೆ ಕೇಳಿದಳು.

"ಇದನ್ನ ಬರೆಯುವಾಗ ನೀವು ನಗ್ತಿದ್ರಾ, ಅಳ್ತಿದ್ರಾ?"

"ಎರಡೂ ಇಲ್ಲ."

"ಮತ್ತೆ?"

"ಚಹಾ ಕುಡೀತಿದ್ದೆ."

ಅವಳಿಗೆ ನಗು ಬಂತು. ನಿಜವಾದ ನಗು, ಮೂಗಿನಿಂದ ಬರುವಂಥದ್ದು. ನಾನೂ ನಕ್ಕೆ. ಆ ಒಂದು ಗಳಿಗೆ ಎಲ್ಲ ಸರಿಹೋದೀತು ಅನ್ನಿಸಿತು. ಆಮೇಲೆ ಅವಳು ಹೇಳಿದಳು, "'ಅದಿರಲಿ' ಅಂತ ನೀವು ತರಗತೀಲೂ ವಾಕ್ಯ ಶುರು ಮಾಡ್ತೀರಿ. ಇದ್ರಲ್ಲೂ ಮೂರು ಕಡೆ ಇದೆ. 'ಹಿಂದಿನ ಬೆಂಚು' ಹಳೇ ಲೇಖನ ಒಂದ್ರಲ್ಲೂ ಇದೆ, ಗಡೀಪಾರಿನದು. ಅದನ್ನ ಓದಿದ ಮೇಲೇ ನಾನು ನಂದು ಬರ್ದಿದ್ದು."

ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನವನು ನಿದ್ದೆ ಮಾಡುತ್ತಿದ್ದ. ನಾನು ಅವನ ಕತ್ತನ್ನೇ ನೋಡುತ್ತಾ ಕೂತೆ.

"ಯಾರಿಗೂ ಹೇಳಿಲ್ಲ," ಎಂದಳು ಅವಳು. "ಹೇಳೋದೂ ಇಲ್ಲ."

ನಿನಗೆ ಅರ್ಥವಾಯಿತೇ ಯಾದ್ಯಾ? ಅವಳು ಬರೆದದ್ದು ಸರ್ಕಾರಕ್ಕಲ್ಲ, ನನಗೆ. ನನ್ನ ಲೇಖನಕ್ಕೆ ಬಂದ ಉತ್ತರ ಅದು. ನಮ್ಮ ಪತ್ರಿಕೆಗೆ ಅಂಥ ಉತ್ತರ ಬರಲಿ ಎಂದು ನಾವು ಎಷ್ಟು ಕಾದಿದ್ದೆವು. ಬಂದದ್ದನ್ನು ನಾನು ಒಲೆಗೆ ಹಾಕಿದ್ದೆ.

ಸ್ಟುಡಿಯೊದಲ್ಲಿ ಅವಳ ಕೆನ್ನೆಗೆ ಪೌಡರ್ ಬಳಿದರು, ಬಿಳಿ ಕಾಲರ್ ಹಾಕಿಸಿದರು. ಅವಳು ಕೊನೆಯ ಗಳಿಗೆಯಲ್ಲಿ ಬೇರೆ ಏನಾದರೂ ಹೇಳಿಬಿಟ್ಟಾಳು ಎಂದು ನಾನು ಗಾಜಿನ ಹಿಂದೆ ನಿಂತು ಬೆವರುತ್ತಿದ್ದೆ. ನಿಜ ಹೇಳಲೇ, ಹೇಳಿಬಿಡಲಿ ಎಂದೂ ಬಯಸುತ್ತಿದ್ದೆ. ಅವಳು ಒಂದಕ್ಷರ ತಪ್ಪದೆ ಓದಿದಳು. ನಾನು ನಿಲ್ಲಿಸುವ ಕಡೆ ನಿಲ್ಲಿಸಿ, ನಾನು ದನಿ ಏರಿಸುವ ಕಡೆ ಏರಿಸಿ. ನೀನು ಉಸಿರಾಡಲು ಜಾಗವಿಲ್ಲ ಎಂದೆಯಲ್ಲ, ಅದು ನನ್ನ ಉಸಿರು.

ಓದು ಮುಗಿದ ಮೇಲೆ ನಿರೂಪಕಿ ಕೇಳಿದಳು, ಇಷ್ಟು ಚಿಕ್ಕ ವಯಸ್ಸಿಗೆ ಇಂಥ ವಿಚಾರ ಹೇಗೆ ಬಂತಮ್ಮ ಎಂದು.

"ನಮ್ಮ ಇತಿಹಾಸದ ಟೀಚರ್ ಕಲಿಸಿದ್ದು," ಎಂದಳು ಉಲ್ಯಾನಾ. ನಿರೂಪಕಿಗೆ ಬಹಳ ಸಂತೋಷವಾಯಿತು.

ಇದಾಗಿ ಕೆಲವು ದಿನಕ್ಕೆ ನಿನ್ನ ವಿಡಿಯೊ ಬಂತು. ನಿಮ್ಮ ಚಾನೆಲ್ ನೋಡಿ ಸಿಕ್ಕಿಬಿದ್ದರೆ ಜೈಲು ಎಂದು ಎಲ್ಲರಿಗೂ ಗೊತ್ತು, ಆದರೂ ನೋಡದವರಿಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದನೇ ತರಗತಿಯ ಪ್ರತಿ ಫೋನಿನಲ್ಲೂ ಅದಿತ್ತು. ಕೆಳಗೆ ನಿಮ್ಮವರು ಬರೆದ ಮಾತುಗಳೂ ಇದ್ದವು. ಜಡೆಯ ಬಗ್ಗೆ, ಹಸುವಿನ ಕಣ್ಣಿನ ಬಗ್ಗೆ, ಇವಳ ಬೆಲೆ ಎಷ್ಟಿರಬಹುದು ಎನ್ನುವುದರ ಬಗ್ಗೆ. ಇವರೆಲ್ಲ ಸ್ವಾತಂತ್ರ್ಯದ ಬಗ್ಗೆ ಬರೆಯುವವರು, ಅವಳು ಪ್ರತಿ ವಾರ ಹೊದಿಕೆಯೊಳಗೆ ಫೋನಿಟ್ಟುಕೊಂಡು ಓದುತ್ತಿದ್ದ ಜನ. ಹುಡುಗರು ಅವಳು ಕಂಡಾಗಲೆಲ್ಲ ಗಿಳಿಯ ಹಾಗೆ ಶಿಳ್ಳೆ ಹೊಡೆಯತೊಡಗಿದರು. ರಾಯಿಸಾ ಪೆತ್ರೊವ್ನಾ ಬಯ್ಯುವಂತೆಯೂ ಇರಲಿಲ್ಲ. ಬೈದರೆ, ಆ ಗಿಳಿಯ ವಿಷಯ ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ?

ಸಂಜೆ ಉಲ್ಯಾನಾ ನನ್ನ ಕೋಣೆಗೆ ಬಂದಳು. ಶೂ ಬಿಚ್ಚದೆ ಬಾಗಿಲಲ್ಲೇ ನಿಂತಳು.

"ಅವರು ನಿಮ್ಮ ಫ್ರೆಂಡ್ಸ್ ಅಲ್ವಾ? ಹೇಳಿ ಅವರಿಗೆ."

"ಏನಂತ ಹೇಳ್ಲಿ?"

"ಇದು ನಾನು ಬರ್ದಿದ್ದಲ್ಲ ಅಂತ."

"ಯಾರು ಬರ್ದಿದ್ದು ಅಂತ ಕೇಳ್ತಾರೆ."

"ಕೇಳ್ಲಿ."

ನಾನು ಕುರ್ಚಿ ಎಳೆದು ಕೂತುಕೊಂಡೆ. ಅವಳು ಕಾದಳು. ಅಪ್ಪನ ಔಷಧಿ, ಅವರ ಕೋಲು, ರಾಯಿಸಾ ಪೆತ್ರೊವ್ನಾಳ ಸಾಲು, ಎಲ್ಲ ಕಣ್ಣಮುಂದೆ ಬಂತು. ಅದಕ್ಕಿಂತ ಮುಂಚೆ ಬಂದದ್ದು ಬರಿಯ ಭಯ.

"ಬಿಡಿ, ಗೊತ್ತು," ಎಂದಳು. "ನೀವು ಸಿಕ್ಕಿಬಿದ್ರೆ ಇನ್ನೊಬ್ರು ಇತಿಹಾಸದ ಟೀಚರ್ ಬರ್ತಾರೆ. ಐದನೇವ್ರು."

"ಉಲ್ಯಾನಾ."

"ಇಲ್ಲಿರೋರಿಗೆ ನಾನು ಒಳ್ಳೇ ಹುಡುಗಿ, ಅಲ್ಲಿರೋರಿಗೆ ಗಿಳಿ. ತಮಾಷೆ ಏನು ಗೊತ್ತಾ? ಯಾರೂ ನನ್ನನ್ನ ಹೊಗಳಿಲ್ಲ, ಯಾರೂ ನನ್ನನ್ನ ಬೈದಿಲ್ಲ. ಎಲ್ಲ ನಿಮಗೇ ಸೇರ್ಬೇಕಾದ್ದು. ನಾನು ಬರ್ದಿದ್ದನ್ನ ಓದಿರೋರು ಇಬ್ರೇ. ಒಬ್ರು ಕನ್ನಡಕ ಒರೆಸಿದ್ರಂತೆ, ಇನ್ನೊಬ್ರು ಅಲ್ಪವಿರಾಮ ನೋಡಿದ್ರು."

ಆಗ ಹೇಳಿದೆ. ತಡವಾಗಿ, ಆದರೂ ಹೇಳಿದೆ. ಅದು ನಾನು ಓದಿದ ಅತ್ಯಂತ ಒಳ್ಳೆಯ ಲೇಖನ, ನನ್ನದಕ್ಕಿಂತ ಒಳ್ಳೆಯದು, ನನ್ನದು ತಪ್ಪೆಂದು ಅದು ನನಗೆ ತೋರಿಸಿತು ಎಂದೆ. ಅವಳು ಕೇಳಿಸಿಕೊಂಡಳು.

"ಆ ಮಾತನ್ನ ಆವತ್ತು ಹೇಳಿದ್ದಿದ್ರೆ ನಾನು ನೀವು ಹೇಳಿದ್ದೆಲ್ಲ ಮಾಡ್ತಿದ್ದೆ," ಎಂದಳು. "ಕಾಡಿನ ಬಗ್ಗೇನೂ ಬರ್ದುಕೊಡ್ತಿದ್ದೆ."

ಹೋದಳು. ಮೆಟ್ಟಿಲ ಕೆಳಗೆ ಯಾರೋ ಶಿಳ್ಳೆ ಹೊಡೆದರು.

ಇನ್ನು ಪ್ರಶಸ್ತಿಯ ವಿಷಯ. ಪ್ರಾಂತದಲ್ಲಿ ಗೆದ್ದವರಿಗೆ ಶಿಕ್ಷಕರ ತರಬೇತಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯಿಲ್ಲದೆ ಸೀಟು. ಅದು ಕರಾರಿನ ಸೀಟು. ಓದು ಮುಗಿದ ಮೇಲೆ ಹೆಸರು ಕೊಟ್ಟ ಶಾಲೆಗೇ ವಾಪಸ್ ಬಂದು ಐದು ವರ್ಷ ಕಲಿಸಬೇಕು. ಎರಡಲ್ಲ, ಐದು. ಉಲ್ಯಾನಾಗೆ ಸಾರಿಗೆ ಯೋಜನೆ ಓದುವ ಆಸೆಯಿತ್ತು. ಊರುಗಳ ನಡುವೆ ದಾರಿ ಹಾಕುವವರು ಏನು ಯೋಚಿಸಿ ಹಾಕುತ್ತಾರೆಂದು ತಿಳಿಯಬೇಕು ಎನ್ನುತ್ತಿದ್ದಳು. ಆದರೆ ಪ್ರಾಂತದ ಪ್ರಶಸ್ತಿಯನ್ನು ಬೇಡವೆಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಯಾರೂ ಕೇಳಬಾರದು. ನಾವು ಇಲ್ಲಿ ಬದುಕುತ್ತಿರುವುದೇ ಆ ಒಂದು ಪ್ರಶ್ನೆಯ ಸುತ್ತ ದಾರಿ ಬಳಸಿಕೊಂಡು.

ಕಳೆದ ವಾರ ಕಚೇರಿಯಲ್ಲಿ ಸಹಿ ಆಯಿತು. ಜಿನೈದಾ ಒಳ್ಳೆಯ ಬ್ಲೌಸು ತೊಟ್ಟು, ಜೇನಿನ ಕೇಕು ಮಾಡಿಕೊಂಡು ಬಂದಿದ್ದಳು. ಹೂಜಿಯಲ್ಲಿ ಹಣ್ಣಿನ ಕಂಪೋತ್ ಇತ್ತು.

"ನಮ್ಮ ಶಾಲೆಗೆ ನಮ್ಮದೇ ಹುಡುಗಿ," ಎಂದಳು ರಾಯಿಸಾ ಪೆತ್ರೊವ್ನಾ. ಮನಸಾರೆ ಹೇಳಿದಳು.

"ಐದು ವರ್ಷ ಆದ್ಮೇಲೆ?" ಉಲ್ಯಾನಾ ಕೇಳಿದಳು.

"ಆಮೇಲೆ ನಿನ್ನಿಷ್ಟ. ಅಷ್ಟೊತ್ತಿಗೆ ಮದ್ವೆ ಆಗಿ ಎರಡು ಮಕ್ಳಾಗಿರ್ತಾವೆ, ಎಲ್ಲಿಗೆ ಹೋಗ್ತೀಯ?"

ಎಲ್ಲರೂ ನಕ್ಕರು. ಉಲ್ಯಾನಾ ಪ್ರತಿ ಪುಟವನ್ನೂ ಓದಿ, ಪ್ರತಿ ಪುಟದ ಕೆಳಗೂ ಸಹಿ ಹಾಕಿದಳು. ಜಿನೈದಾ ನನ್ನ ಕೈ ಹಿಡಿದುಕೊಂಡು ಅತ್ತಳು. "ನಿಮ್ಮಿಂದ ಆಯ್ತು ಟೀಚರ್, ಇದೆಲ್ಲ ನಿಮ್ಮಿಂದ," ಎಂದು ಮತ್ತೆ ಮತ್ತೆ ಹೇಳಿದಳು. ನಾನು ಕೇಕು ತಿಂದೆ.

ಇಷ್ಟು ನಡೆದದ್ದು. ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ವಿಡಿಯೊ ತೆಗೆದುಹಾಕು, ಸುಮ್ಮನೆ ತೆಗೆ. ಕ್ಷಮೆ ಕೇಳಿ ಬರೆಯಬೇಡ, ಯಾಕೆ ತೆಗೆದೆವು ಎಂದು ವಿವರಿಸಬೇಡ. ಅವಳನ್ನು ವೀರ ಹುಡುಗಿ ಮಾಡಿ ಇನ್ನೊಂದು ಲೇಖನ ಬರೆಯಲು ನಿನ್ನ ಕೈ ತುರಿಸುತ್ತದೆ, ನನಗೆ ಗೊತ್ತು, ನಾನಾಗಿದ್ದರೂ ತುರಿಸುತ್ತಿತ್ತು. ಬೇಡ. ಅದು ಗಿಳಿಗಿಂತ ಅಪಾಯ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ದೂರದಿಂದ ನೋಡಿದರೆ ಅದು ಗಿಳಿಯ ಹಾಗೇ ಕಾಣುತ್ತಿತ್ತು. ನಾವು ಹಾಸ್ಟೆಲಿನಲ್ಲಿದ್ದಾಗ ಇಂಥ ಎಷ್ಟು ವಿಡಿಯೊಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಅವರಲ್ಲಿ ಒಬ್ಬೊಬ್ಬರ ಹಿಂದೆಯೂ ಯಾರಿದ್ದರೋ.

"ಒಳಗಿನಿಂದ ಒಂದು ಲೇಖನ ಬರಿ, ಹೆಸರು ಹಾಕುವುದಿಲ್ಲ" ಎಂದು ನೀನು ಹೇಳಿಕಳಿಸಿದ್ದೆ. ಬರೆಯಲಾರೆ. ಹೆಸರು ಹಾಕದಿದ್ದರೂ ನನ್ನ ವಾಕ್ಯಗಳನ್ನು ಗುರುತು ಹಿಡಿಯುವ ಒಬ್ಬಳು ಈಗ ಇದ್ದಾಳೆ. ಅವಳು ಯಾರಿಗೂ ಹೇಳುವುದಿಲ್ಲ. ಆದರೆ ಅವಳು ಓದುತ್ತಾಳೆ ಎಂದು ಗೊತ್ತಿದ್ದೂ ನ್ಯಾಯದ ಬಗ್ಗೆ ಬರೆಯುವಷ್ಟು ಮುಖ ನನಗಿಲ್ಲ.

ಚಳಿಗೆ ಕೋಟು ಕೊಂಡುಕೊಂಡೆಯಾ? ಹಳೆಯದರ ತೋಳು ಹರಿದಿತ್ತು.

ನಿನ್ನ ಕೋಣೆಯ ಇನ್ನೊಂದು ಮಂಚದವಳು,
ಅಲ್ಬೀನಾ

ಮರೆತ ಮಾತು: ಆಗಸ್ಟಿನಲ್ಲಿ ಗಡುವು ಮುಗಿಯುತ್ತಲೇ ಬಂದುಬಿಡು, ನಿನ್ನ ಜಾಗ ಖಾಲಿ ಇಟ್ಟಿದ್ದೇನೆ ಎಂದು ಅತ್ತೆಯ ಹತ್ತಿರ ಹೇಳಿದೆಯಂತೆ. ಬೇರೆ ಯಾರಿಗಾದರೂ ಕೊಡು. ಮೊನ್ನೆ ಶುಕ್ರವಾರ ನಾನೂ ಒಂದು ಸಹಿ ಹಾಕಿದೆ. ಸೈದ್ಧಾಂತಿಕ ಶಿಕ್ಷಣದ ಉಪಮುಖ್ಯೋಪಾಧ್ಯಾಯಿನಿ. ಪ್ರಾಂತದಲ್ಲಿ ಗೆದ್ದ ಹುಡುಗಿಯ ಟೀಚರ್ ಎಂದು ಮೇಲಿನಿಂದಲೇ ನನ್ನ ಹೆಸರು ಬಂತು. ಸೆಪ್ಟೆಂಬರಿನಿಂದ ಈ ಶಾಲೆಯಲ್ಲಿ ಯಾವ ಮಗು ಏನು ಬರೆದರೂ ಅದು ಮೊದಲು ನನ್ನ ಮೇಜಿಗೆ ಬರುತ್ತದೆ. ಬೇರೆ ಯಾರಾದರೂ ಆ ಜಾಗದಲ್ಲಿ ಕೂತರೆ ಮಕ್ಕಳ ಗತಿಯೇನು ಎಂದು ಬೆಳಿಗ್ಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಆ ಮಾತಿನ ಮೇಲೆ ನನಗೇ ನಂಬಿಕೆ ಇರುವುದಿಲ್ಲ. ಉಲ್ಯಾನಾಗೆ ಹೇಳಿದೆ. "ನಾನು ಓದು ಮುಗಿಸಿ ಬರೋವರ್ಗೂ ಆ ಕುರ್ಚಿ ಬಿಟ್ಟು ಏಳ್ಬೇಡಿ," ಎಂದಳು. ಅವಳು ನಗುತ್ತಿರಲಿಲ್ಲ.